ತಿರಿದು ತಂದ ಹೆಸರು

ಅಂಜನಾ ಮೂರು ದಿನದ ಕೂಸನ್ನು ಎದೆಗವಚಿಕೊಂಡು ಗಂಡನ ಟಂಟಂ ಆಟೋದಿಂದ ಇಳಿದಾಗ ಅತ್ತೆ ಬೋರವ್ವ ಬಾಗಿಲಿಗೆ ಅಡ್ಡವಾಗಿ ನಿಂತಿದ್ದಳು.

"ಒಳಗ ಬರಬ್ಯಾಡ, ಅಲ್ಲೇ ತಡಿಯವಾ. ಕೂಸನ್ನ ಇತ್ತ ಕೊಡು."

ಹುನಗುಂದದ ದವಾಖಾನೆಯಿಂದ ಅಮೀನಗಡದ ಆಚೆಗಿರುವ ತಮ್ಮ ಊರಿನ ತನಕ ಕುಲುಕಿಕೊಂಡು ಬಂದಿದ್ದ ಬಾಣಂತಿಗೆ ನಿಲ್ಲುವ ತ್ರಾಣವೂ ಇರಲಿಲ್ಲ. ಆದರೆ ಅತ್ತೆಯ ಮುಖ ನೋಡಿ ಕೂಸನ್ನು ಕೊಟ್ಟಳು. ಬೋರವ್ವ ಕಟ್ಟೆಯ ಮೇಲೆ ಜೋಳ ಹಸನು ಮಾಡುವ ಬಿದಿರಿನ ಮೊರ ಇಟ್ಟಿದ್ದಳು. ಕೂಸಿಗೆ ಸುತ್ತಿದ್ದ ಬಟ್ಟೆಯನ್ನೆಲ್ಲ ಬಿಚ್ಚಿ, ಬರಿಮೈಯಲ್ಲೇ ಅದನ್ನು ಮೊರದೊಳಗೆ ಮಲಗಿಸಿ, ಸೆರಗನ್ನು ಮುಂದಕ್ಕೆ ಚಾಚಿಕೊಂಡು ಓಣಿಗೆ ಇಳಿದಳು. ಒಂದು ಹಿಡಿ ಉಪ್ಪನ್ನೂ ಇನ್ನೊಬ್ಬರ ಮನೆಯಿಂದ ಕಡ ತಂದ ಹೆಂಗಸಲ್ಲ ಅವಳು. ಮೊದಲು ಎದುರುಮನೆಯ ಮೆಹರುನ್ನಿಸಾಳ ಬಾಗಿಲಲ್ಲಿ ನಿಂತು, ಓಣಿಗೆಲ್ಲ ಕೇಳುವಂತೆ ಕೂಗಿದಳು.

"ಯವ್ವಾ, ಒಂದು ತಿರಕರ ಕೂಸು ಬಂದೈತಿ. ಮೈಮ್ಯಾಲ ಅರಿವಿ ಇಲ್ಲ. ಹಳೀ ಬಟ್ಟಿ ಏನರೆ ಇದ್ರ ನೀಡ್ರಿ."

ಮೆಹರುನ್ನಿಸಾಳಿಗೆ ಈ ಪದ್ಧತಿ ಗೊತ್ತಿತ್ತು. ಮಗಳು ಆಫ್ರೀನಳ ಹಳೆಯ ಓಢಣಿಯನ್ನು ಹರಿದು ಎರಡು ತುಂಡು ಮಾಡಿ ಸೆರಗಿಗೆ ಹಾಕಿದಳು. ಹಾಕುವಾಗ ಅವಳ ಕಣ್ಣು ಮಾತ್ರ ಕಟ್ಟೆಯ ಮೇಲಿನ ಮೊರದ ಕಡೆಗೇ ಇತ್ತು.

ಏಳು ಮನೆ ತಿರುಗಿ ಬಂದ ಬೋರವ್ವ ಆ ತುಂಡುಗಳಲ್ಲೇ ಮೊಮ್ಮಗನನ್ನು ಸುತ್ತಿ, ಕಿವಿಯ ಹತ್ತಿರ ಬಾಯಿಟ್ಟು ಮೂರು ಸಲ ಹೇಳಿದಳು. "ತಿರಕಪ್ಪ. ತಿರಕಪ್ಪ. ತಿರಕಪ್ಪ."

"ಅತ್ತೀ, ಆ ಹೆಸರ ಬ್ಯಾಡ್ರಿ" ಎಂದಳು ಅಂಜನಾ.

"ಬ್ಯಾಡಂದ್ರ ಹ್ಯಾಂಗ? ಇವ ನಮ್ಮ ಕೂಸಲ್ಲ. ತಿರಕೊಂಡು ತಂದದ್ದು. ಮಂದಿ ಮನಿಯಿಂದ ಬೇಡಿ ತಂದದ್ದನ್ನ ಯಾರು ಕಸಗೊಂತಾರ? ಇನ್ನ ಮ್ಯಾಲ ನಮ್ಮ ಮನಿಯ ಒಂದು ದಾರದ ಎಳಿನೂ ಇವನ ಮೈಗೆ ತಾಗಬಾರದು. ತಿಳೀತಿಲ್ಲ?"

ಬೀರೇಶ ಟಂಟಂನ ಮಗ್ಗುಲಲ್ಲಿ ತಲೆ ಕೆಳಗೆ ಹಾಕಿ ನಿಂತಿದ್ದ. ಮಾವ ಲಕ್ಷ್ಮಪ್ಪ ಕುರಿ ಹಟ್ಟಿಯ ಕಡೆ ಮುಖ ಮಾಡಿದ್ದ. ಅವರು ಯಾರೂ ಇದು ಮೂಢನಂಬಿಕೆ ಎಂದು ಹೇಳುವ ಸ್ಥಿತಿಯಲ್ಲಿ ಇರಲಿಲ್ಲ. ಆ ಮನೆಯಲ್ಲಿ ನಾಲ್ಕು ವರ್ಷದಲ್ಲಿ ಎರಡು ಗಂಡುಕೂಸು ಹುಟ್ಟಿದ್ದವು. ಮೊದಲನೆಯದು ಒಂಬತ್ತನೆಯ ದಿನ ಹೋಯಿತು, ಎರಡನೆಯದು ಏಳನೆಯ ದಿನ. ಎರಡೂ ತುಂಬು ತಿಂಗಳಿಗೆ ಹುಟ್ಟಿ, ಐದು ದಿನ ಚೊಲೋ ಹಾಲು ಕುಡಿದು, ಆಮೇಲೆ ಬಾಯಿ ಮುಚ್ಚಿಕೊಂಡವು. ಮೊದಲನೆಯದಕ್ಕೆ ಏನಾಯಿತೆಂದೇ ತಿಳಿಯಲಿಲ್ಲ. ಎರಡನೆಯದನ್ನು ದವಾಖಾನೆಗೆ ಒಯ್ಯುವಷ್ಟರಲ್ಲಿ ಮೈ ತಣ್ಣಗಾಗಿತ್ತು. ಕಾಮಾಲೆ, ತಡವಾಗಿ ತಂದೀರಿ ಎಂದಷ್ಟೇ ಅಲ್ಲಿನವರು ಹೇಳಿದ್ದರು. ಎರಡಕ್ಕೂ ಹೆಸರಿಡುವ ದಿನ ಬರಲೇ ಇಲ್ಲ.

ತಿರಕಪ್ಪ ಎನ್ನುವ ಹೆಸರು ಅಂಜನಾಳಿಗೆ ಹೊಸದಾಗಿರಲಿಲ್ಲ. ಅವ್ವ ಸತ್ತ ಮೇಲೆ ಅವಳನ್ನು ಬಾದಾಮಿಯಲ್ಲಿ ಸಾಕಿ ಬೆಳೆಸಿದ ಸೋದರಮಾವನ ಹೆಸರೇ ಅದು. ಗುಹೆಗಳಿಗೆ ಹೋಗುವ ದಾರಿಯಲ್ಲಿ ಮಾಮಾ ಎಳನೀರು ಮಾರುತ್ತಿದ್ದ. ಪರದೇಶದ ಪ್ರವಾಸಿಗರು ಹೆಸರು ಕೇಳಿದರೆ ಮಗ್ಗುಲಲ್ಲಿದ್ದ ಗೈಡುಗಳು 'ಮಿಸ್ಟರ್ ಬೆಗ್ಗರ್' ಎಂದು ಹೇಳಿ ನಗುತ್ತಿದ್ದರು. ಮಾಮಾ ತಾನೂ ನಗುತ್ತ ಕಾಯಿ ಕೆತ್ತುತ್ತಿದ್ದ. ಅಂಜನಾ ಮಾತ್ರ ಸಾಲೆಯಲ್ಲಿ ಪಾಲಕರ ಹೆಸರು ಬರೆಯುವಲ್ಲಿ ಬರೇ 'ಟಿ.' ಎಂದು ಬರೆದು ಚುಕ್ಕೆ ಇಡುತ್ತಿದ್ದಳು. ಅಜ್ಜ ಅಜ್ಜಿ ಬಡವರಿದ್ದರು, ತಿಳಿಯದೆ ಇಟ್ಟಿರಬೇಕು ಎಂದುಕೊಂಡಿದ್ದಳು. ಇವತ್ತು ಬಾಗಿಲ ಹೊರಗೆ ನಿಂತು ಅತ್ತೆಯ ಚಾಚಿದ ಸೆರಗನ್ನು ನೋಡುವಾಗ ಮೊದಲ ಸಲ ಅವಳಿಗೆ ಅನ್ನಿಸಿತು: ಅಜ್ಜಿಯೂ ಹೀಗೇ ಓಣಿ ಓಣಿ ತಿರುಗಿರಬೇಕು. ಹಾಗಿದ್ದರೆ ಮಾಮಾನಿಗಿಂತ ಮೊದಲು ಏನಾಗಿತ್ತು? ಆ ಮಾತನ್ನು ಅವನು ಯಾವತ್ತೂ ಎತ್ತಿರಲಿಲ್ಲ.

ಈ ಮಗನಿಗೆ ಅವಳು ಮೊಬೈಲಿನಲ್ಲಿ ಹುಡುಕಿ ಒಂದು ಹೆಸರು ಆರಿಸಿದ್ದಳು. ವಿಹಾನ. ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಏನಾಗುವುದೋ ಎನ್ನುವ ಹೆದರಿಕೆ ಅವಳಿಗೂ ಇತ್ತು.

ಆಮೇಲಿನ ದಿನಗಳನ್ನು ಅವಳು ಒಂದೊಂದಾಗಿ, ಉಸಿರು ಬಿಗಿಹಿಡಿದು ದಾಟಿದಳು. ಹುನಗುಂದದ ಸಿಸ್ಟರ್ ಒಂದು ಉಪಾಯ ಹೇಳಿಕೊಟ್ಟಿದ್ದಳು. ಬೆಳಕಿಗೆ ಹಿಡಿದು ಕೂಸಿನ ಮೂಗಿನ ತುದಿ ಒತ್ತಬೇಕು, ಬೆರಳು ತೆಗೆದಾಗ ಅಲ್ಲಿ ಹಳದಿ ಕಂಡರೆ ಕೂಡಲೇ ಹೊರಡಬೇಕು. ಅಂಜನಾ ತಾಸಿಗೊಮ್ಮೆ ಒತ್ತುತ್ತಿದ್ದಳು. ಕೂಸಿನ ಮೂಗು ಕೆಂಪಾಗಿ ಹೋಗಿತ್ತು. ಐದನೆಯ ದಿನ ಲಕ್ಷ್ಮಪ್ಪ ಬೀರಪ್ಪದೇವರ ಕಂಬಳಿ ತೆಗೆಯಲು ಟ್ರಂಕಿನ ಹತ್ತಿರ ಹೋದಾಗ ಬೋರವ್ವ ಅಡ್ಡ ಬಂದಳು. "ಮನಿ ಅರಿವಿ ಬ್ಯಾಡಂದೇನಿಲ್ಲ?" ಹುಟ್ಟಿದ ಗಂಡುಕೂಸನ್ನು ಐದನೆಯ ದಿನ ಆ ಕಂಬಳಿಯಲ್ಲಿ ಮಲಗಿಸುವುದು ಅವರ ಮನೆತನದ ಪದ್ಧತಿ. ಮುದುಕ ಮೋರೆ ಸಣ್ಣದು ಮಾಡಿಕೊಂಡು ಹೊರಗೆ ಹೋದ.

ಏಳನೆಯ ದಿನ ಬಂತು, ಹೋಯಿತು. ಎಂಟನೆಯ ದಿನ ಅಂಜನಾ ಊಟ ಮಾಡಲಿಲ್ಲ. ಒಂಬತ್ತನೆಯ ದಿನ ಬೆಳಗಿನಿಂದ ಸಂಜೆಯ ತನಕ ಕೂಸನ್ನು ತೊಡೆಯಿಂದ ಇಳಿಸಲಿಲ್ಲ. ಸಂಜೆ ಅದು ಹಸಿದು ಕಿರುಚಿ ಅತ್ತಾಗ, ಆ ಕಿರುಚಾಟ ಕೇಳಿ ಮನೆಯವರೆಲ್ಲ ನಕ್ಕರು. ಹತ್ತು, ಹನ್ನೊಂದು, ಹನ್ನೆರಡು. ಕೂಸಿನ ಗಲ್ಲ ತುಂಬಿದವು. ಹೆದರಿಕೆ ಮೈಯಿಂದ ಇಳಿಯತೊಡಗಿದಂತೆ ಆ ಜಾಗದಲ್ಲಿ ಸಿಟ್ಟು ಬಂದು ಕೂತಿತು. ಓಣಿಯ ಹುಡುಗರು ಬಾಗಿಲಲ್ಲಿ ಇಣುಕಿ, "ತಿರಕ್ಯಾ ಎದ್ದಾನೇನ್ರಿ?" ಎಂದು ಕೇಳುತ್ತಿದ್ದರು. ಮೂಲೆಯಲ್ಲಿ ಬಣ್ಣ ಹೋದ, ಅಂಚು ಹರಿದ ಏಳು ಮನೆಯ ಚಿಂದಿಗಳು ಒಣಗುತ್ತಿದ್ದವು. ನನ್ನ ಮಗ ಏನು ತಪ್ಪು ಮಾಡ್ಯಾನ ಎಂದು ಅವಳು ಒಳಗೊಳಗೇ ಕುದಿದಳು.

ಹದಿನಾರನೆಯ ದಿನ ಬೀರಪ್ಪನ ಗುಡಿಗೆ ಕೂಸನ್ನು ಒಯ್ಯುವುದು ಎಂದಾಯಿತು. ಬೋರವ್ವ ಮುಂದಾಗಿ ಗುಡಿ ಕಸ ಹೊಡೆಯಲು ಹೋಗಿದ್ದಳು. ಅಂಜನಾ ಮಗನಿಗೆ ನೀರೆರೆದು, ಕೈಗೆ ಸಿಕ್ಕ ಚಿಂದಿ ನೋಡಿದಳು. ಯಾರದೋ ಹಳೆಯ ಲುಂಗಿಯ ತುಂಡು. ದೇವರ ಮುಂದೆಯೂ ಇದರಲ್ಲೇ ಒಯ್ಯಬೇಕೇ? ಅವಳು ಎದ್ದು ಹೋಗಿ ಟ್ರಂಕಿನ ಮುಚ್ಚಳ ಎತ್ತಿದಳು. ಮಡಿಚಿಟ್ಟ ಕರಿ ಕಂಬಳಿ ತೆಗೆದು ಕೂಸಿಗೆ ಸುತ್ತಿ ಹೊರಗೆ ಬಂದಳು.

ಅಂಗಳದಲ್ಲಿದ್ದ ಲಕ್ಷ್ಮಪ್ಪ ನೋಡಿದ. ಅವನ ಮುಖ ಅರಳಿತು. "ಚೊಲೋ ಮಾಡಿದಿ ಯವ್ವಾ. ದೇವರ ಕಂಬಳಿ ಅದು, ಮನಿ ಅರಿವಿ ಅಲ್ಲ. ಅದನ್ನ ನಿಮ್ಮತ್ತಿಗೆ ಹೇಳಿ ಹೇಳಿ ಸಾಕಾತು."

ಗುಡಿಯಲ್ಲಿ ಕೂಸಿನ ಹಣೆ, ಎದೆ, ಕೈಕಾಲಿಗೆಲ್ಲ ಭಂಡಾರ ಬಳಿದರು. ಅರಿಷಿಣದ ಪುಡಿಯಲ್ಲಿ ಮುಳುಗಿ ಅದು ಚಿನ್ನದ ಗೊಂಬೆಯಂತೆ ಕಂಡಿತು. ಕಂಬಳಿ ಕಂಡು ಬೋರವ್ವ ತುಟಿ ಕಚ್ಚಿದಳು, ಆದರೆ ದೇವರ ಮುಂದೆ ಜಗಳ ಬೇಡವೆಂದು ಸುಮ್ಮನಾದಳು. ಆ ದಿನ ಪೂರ್ತಿ, ಮರುದಿನವೂ ಕೂಸು ಕಂಬಳಿಯಲ್ಲೇ ಮಲಗಿತು. ಭಂಡಾರ ತೊಳೆಯಬಾರದು, ತಾನಾಗಿ ಉದುರಬೇಕು ಎಂದು ಲಕ್ಷ್ಮಪ್ಪ ಹೇಳಿದ್ದರಿಂದ ಎರೆಯಲಿಲ್ಲ.

ಹದಿನೆಂಟನೆಯ ದಿನ ಬೆಳಗ್ಗೆ ಕೂಸು ಹಾಲಿಗೆ ಬಾಯಿ ಹಾಕಲಿಲ್ಲ.

ಅಂಜನಾ ಗಲ್ಲ ತಟ್ಟಿದಳು, ಪಾದ ತಿಕ್ಕಿದಳು. ಕಣ್ಣು ಅರ್ಧ ತೆರೆದು ಮುಚ್ಚಿತು. ಒದ್ದೆಯಾದ ಚಿಂದಿ ತೆಗೆದು ನೋಡಿದರೆ ಉಚ್ಚೆ ಕಪ್ಪು ಚಹದ ಬಣ್ಣ. ತಂಬಿಗೆಯ ಬಿಸಿನೀರಿನಲ್ಲಿ ಸೆರಗು ಅದ್ದಿ ಕೂಸಿನ ಎದೆ ಒರೆಸಿದಳು. ಸೆರಗು ಹಳದಿಯಾಯಿತು. ಮತ್ತೆ ಅದ್ದಿ ಒರೆಸಿದಳು. ಮೂರನೆಯ ಸಲ ಸೆರಗಿಗೆ ಏನೂ ಹತ್ತಲಿಲ್ಲ, ಆದರೆ ಎದೆಯ ಹಳದಿ ಹಾಗೇ ಇತ್ತು. ಹೊಟ್ಟೆ, ತೊಡೆ, ಅಂಗಾಲು, ಎಲ್ಲ ಕಡೆಯೂ ಅದೇ. ತೊಳೆದಷ್ಟೂ ಮೈಯೊಳಗಿನಿಂದಲೇ ಅರಿಷಿಣ ಮೇಲೆ ಬರುತ್ತಿತ್ತು.

ಅವಳು ಕೂಗಲಿಲ್ಲ. ಕೂಸನ್ನು ಎದೆಗೆ ಒತ್ತಿಕೊಂಡಳು. ನಾನೇ ಮಾಡಿದೆ, ನನ್ನ ಕೈಯಾರೆ ತೆಗೆದು ಸುತ್ತಿದೆ, ನಮ್ಮದಲ್ಲ ಎಂದು ಹೇಳಿ ಉಳಿಸಿಕೊಂಡಿದ್ದ ಕೂಸನ್ನು ನಮ್ಮದೆಂದು ತೋರಿಸಿಬಿಟ್ಟೆ ಎನ್ನುವುದೊಂದೇ ತಲೆಯಲ್ಲಿ ಗಿರಗಿರ ತಿರುಗುತ್ತಿತ್ತು.

ಬೋರವ್ವ ಬಂದು ನೋಡಿ, ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಗೋಡೆಗೆ ಒರಗಿದಳು. ಒಂದು ಮಾತು ಬೈಯಲಿಲ್ಲ. ಬೈದಿದ್ದರೆ ಅಂಜನಾಳಿಗೆ ಹಗುರಾಗುತ್ತಿತ್ತೇನೋ.

ಬೀರೇಶ ಅಮೀನಗಡದ ಟಂಟಂ ಸ್ಟ್ಯಾಂಡಿನಿಂದ ಧಾವಿಸಿ ಬಂದ. ಬಾಗಲಕೋಟೆಗೇ ಹೋಗುವುದೆಂದು ಪರಿಚಯದವರ ಕಾರು ತಂದಿದ್ದ. ಹೊರಡುವಾಗ ಲಕ್ಷ್ಮಪ್ಪ ಕೂಸಿಗೆ ಮತ್ತೆ ಆ ಕಂಬಳಿಯನ್ನೇ ಬಿಗಿಯಾಗಿ ಸುತ್ತಿದ. "ಗಾಳಿ ತಾಗೀತು. ಬೀರಪ್ಪ ಕಾಯ್ತಾನ, ನಡೀರಿ." ಅತ್ತೆ ಮಾವ ಇಬ್ಬರೂ ಜೊತೆಗೆ ಕಾರು ಹತ್ತಿದರು. ಅಂಜನಾ ಕಂಬಳಿಯ ಸಂದಿನಲ್ಲಿ ಬೆರಳು ತೂರಿಸಿ ಕೂಸಿನ ಮೂಗಿನ ಹತ್ತಿರ ಹಿಡಿದಿದ್ದಳು. ಉಸಿರು ತಾಗಿದಾಗೊಮ್ಮೆ ತಾನೂ ಉಸಿರು ಬಿಡುತ್ತಿದ್ದಳು. ರಸ್ತೆಯ ಉಬ್ಬುಗಳಲ್ಲಿ ಕಾರು ಜಿಗಿದು ಬೆರಳು ಸರಿದಾಗ ಮತ್ತೆ ಉಸಿರು ಸಿಗುವ ತನಕ ಅವಳಿಗೆ ಕಣ್ಣು ಕತ್ತಲೆ ಬರುತ್ತಿತ್ತು. ಎರಡನೆಯ ಮಗ ಇಂಥದೇ ದಾರಿಯಲ್ಲಿ, ಇದೇ ತೊಡೆಯ ಮೇಲೆ ತಣ್ಣಗಾಗಿದ್ದ.

ಮಕ್ಕಳ ದವಾಖಾನೆಯ ಡಾಕ್ಟರಬಾಯಿ ಐವತ್ತರ ಆಸುಪಾಸಿನ ಹೆಂಗಸು. ಕೂಸನ್ನು ಕೈಗೆ ತೆಗೆದುಕೊಂಡವರೇ ಒಂದು ಕ್ಷಣ ನಿಂತರು. ಕಂಬಳಿಯನ್ನು ಮೂಗಿನ ಹತ್ತಿರ ಒಯ್ದರು.

"ಏನಿದು ವಾಸನಿ?"

ಯಾರಿಗೂ ಯಾವ ವಾಸನೆಯೂ ಬಂದಿರಲಿಲ್ಲ. ದಿನಾ ಅದೇ ಮನೆಯಲ್ಲಿ ಇರುವವರಿಗೆ ಬರುವಂತೆಯೂ ಇರಲಿಲ್ಲ.

"ಇದನ್ನ ಎಲ್ಲಿ ಇಟ್ಟಿದ್ರಿ?"

"ಟ್ರಂಕಿನ್ಯಾಗರಿ" ಎಂದಳು ಅಂಜನಾ. "ನುಸಿ ಹಿಡೀಬಾರದಂತ ಡಾಂಬರಗುಳಿಗಿ ಹಾಕಿ ಇಟ್ಟಿರ್ತಾರ್ರಿ. ಆ ಬಿಳೇವು, ಗುಂಡನ್ನವು."

ಡಾಕ್ಟರಬಾಯಿ ಕಂಬಳಿಯನ್ನು ತೆಗೆದು ಬಾಗಿಲ ಹೊರಗೆ ಒಗೆದರು. "ಹೊರಗ ಒಯ್ರಿ ಅದನ್ನ. ಈ ಕೋಣಿಯೊಳಗ ತರಬ್ಯಾಡ್ರಿ." ಸಿಸ್ಟರುಗಳು ಓಡಾಡಿದರು. ಕೂಸಿನ ಹಿಮ್ಮಡಿಯಿಂದ ರಕ್ತ ತೆಗೆದರು, ಕಣ್ಣಿಗೆ ಪಟ್ಟಿ ಕಟ್ಟಿ ನೀಲಿ ಬೆಳಕಿನ ಪೆಟ್ಟಿಗೆಯಲ್ಲಿ ಮಲಗಿಸಿದರು. ಅಲ್ಲಿ ಅದು ಇನ್ನೂ ಸಣ್ಣದಾಗಿ, ಸುಲಿದ ಹಣ್ಣಿನಂತೆ ಕಂಡಿತು.

ಮುಕ್ಕಾಲು ತಾಸಿನ ಮೇಲೆ ಅಂಜನಾಳನ್ನೂ ಬೀರೇಶನನ್ನೂ ಒಳಗೆ ಕರೆದರು.

"ಕೂಸಿನ ರಕ್ತ ಒಡೀಲಿಕ್ಕತ್ತೈತಿ. ಕೆಲವು ಮಕ್ಕಳಿಗೆ ರಕ್ತದ ಕಣ ಕಾಯೋ ಒಂದು ಪದಾರ್ಥ ಹುಟ್ಟಾ ಕಡಿಮಿ ಇರ್ತೈತಿ. ಸುಮ್ಮನಿದ್ರ ಏನೂ ಆಗೂದಿಲ್ಲ. ಆ ಗುಳಿಗಿ ಘಾಟು ತಾಗಿತಂದ್ರ ಮಾತ್ರ ರಕ್ತ ಒಡದು, ಕಾಮಾಲಿ ಆಗಿ, ಅದು ತಲಿಗೆ ಏರತೈತಿ. ಈಗ ರಕ್ತ ಬದಲಿ ಮಾಡಬೇಕು. ಪರೀಕ್ಷಾನೂ ಕಳಿಸೀನಿ." ಅವರು ಅಂಜನಾಳ ಕಡೆ ತಿರುಗಿದರು. "ಇದು ತಾಯಿ ಕಡಿಯಿಂದ ಗಂಡಮಕ್ಕಳಿಗೆ ಬರ್ತೈತವಾ. ತಾಯಿಗೆ ಏನೂ ಆಗಿರೂದಿಲ್ಲ. ನಿಮ್ಮ ತವರಾಗ ಗಂಡುಕೂಸು ಹಿಂಗ ಹೋಗಿದ್ವೇನು?"

"ಗೊತ್ತಿಲ್ರಿ. ಅವ್ವ ನಾ ಸಣ್ಣಾಕಿದ್ದಾಗ ಹೋದಳು. ಆಕಿ ಬೆನ್ನಿಗೆ ಬಿದ್ದಾವ ಒಬ್ಬಾವ ಮಾಮಾ ಅದಾನ."

"ಹೆಸರೇನು ಅವರದು?"

"ತಿರಕಪ್ಪ."

ಬರೆಯುತ್ತಿದ್ದ ಡಾಕ್ಟರಬಾಯಿಯ ಪೆನ್ನು ನಿಂತಿತು. "ಅವರಿಗಿಂತ ಮೊದಲ ಎಷ್ಟು ಹೋಗಿದ್ವು ಅಂತ ಕೇಳು."

"ಹೋಗಿದ್ವು ಅಂತ ನಿಮಗ ಹ್ಯಾಂಗ ಗೊತ್ತಾತ್ರಿ?"

"ನಾನೂ ಈ ಕಡೆಯಾಕಿನ, ಇಳಕಲ್ಲಿನಾಕಿ. ಯಾ ತಾಯಿನೂ ಚೊಚ್ಚಲ ಮಗಗ ತಿರಕಪ್ಪ ಅಂತ ಹೆಸರ ಇಡೂದಿಲ್ಲ."

ಬೀರೇಶ ಒಪ್ಪಿಗೆ ಕಾಗದಕ್ಕೆ ಸಹಿ ಮಾಡಿದ. ಅಂಜನಾ ಹೊರಗೆ ಬಂದು ಬಾದಾಮಿಗೆ ಫೋನು ಹಚ್ಚಿದಳು. ಮಾಮಾ ಎಲ್ಲ ಕೇಳಿಸಿಕೊಂಡ. ಹಿಂದೆ ಯಾರೋ ಎಳನೀರಿಗೆ ಕೂಗುವುದು ಕೇಳುತ್ತಿತ್ತು.

"ಮೂರು" ಎಂದ. "ಮೂರು ಹೋಗಿದ್ವಂತ. ಅವ್ವ ಎಂದೂ ಬಾಯಿಬಿಟ್ಟು ಹೇಳಲಿಲ್ಲ, ಸಾಯೂ ಮುಂದ ಹೇಳಿದ್ಲು. ನಾ ಬರ್ತೇನಿ ತಡಿ."

ಅವನು ಬರುವಷ್ಟರಲ್ಲಿ ಸಂಜೆ ನಾಲ್ಕಾಗಿತ್ತು. ಒಳಗೆ ರಕ್ತ ಬದಲಿ ನಡೆದಿತ್ತು. ಒಂದು ಸಿರಿಂಜು ತೆಗೆದು, ಒಂದು ಸಿರಿಂಜು ಹಾಕಿ, ಮತ್ತೆ ತೆಗೆದು. ಗಾಜಿನ ಬಾಗಿಲಾಚೆ ಡಾಕ್ಟರಬಾಯಿಯ ಬಾಗಿದ ಬೆನ್ನು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಬೆಂಚಿನ ಆ ತುದಿಗೆ ಬೋರವ್ವ ಕೂತಿದ್ದಳು. ತಾಯಿ ಕಡೆಯಿಂದ ಬರುತ್ತದೆ ಎನ್ನುವ ಮಾತನ್ನು ಬೀರೇಶ ಅವಳಿಗೆ ಹೇಳಿದ್ದನ್ನು ಅಂಜನಾ ಕೇಳಿಸಿಕೊಂಡಿದ್ದಳು. ಈಗ ಅತ್ತೆ ಏನೆನ್ನುವಳೋ, ಎರಡು ಕೂಸನ್ನು ತಿಂದಾಕಿ ನೀನು ಎನ್ನುವಳೋ ಎಂದು ಅವಳು ಮೈ ಹಿಡಿ ಮಾಡಿಕೊಂಡಿದ್ದಳು. ಬೋರವ್ವ ಎದ್ದು ಹತ್ತಿರ ಬಂದಳು. ಬುತ್ತಿ ಬಿಚ್ಚಿ ರೊಟ್ಟಿಯ ಚೂರೊಂದನ್ನು ಸೊಸೆಯ ಬಾಯಿಯ ಮುಂದೆ ಹಿಡಿದಳು.

"ಉಣ್ಣು. ಅದು ಎದ್ದಮ್ಯಾಲ ಹಾಲು ಕೇಳತೈತಿ."

ಅಂಜನಾ ಅತ್ತೆಯ ಮುಖ ನೋಡದೆ ರೊಟ್ಟಿ ಕಚ್ಚಿದಳು.

ತಿರಕಪ್ಪ ಮಾಮಾನ ರಕ್ತವನ್ನೂ ಪರೀಕ್ಷೆಗೆ ತೆಗೆದರು. ಅರವತ್ತರ ಹತ್ತಿರದ ಮನುಷ್ಯ ತೋಳು ಚಾಚಿ, ಸೂಜಿಯಿಂದ ಮುಖ ತಿರುಗಿಸಿ ಅಂಜನಾಳಿಗೆ ಹೇಳಿದ. "ಹನ್ನೆರಡು ವರ್ಷದ ತನಕ ನಾ ಹೊಸಾ ಅಂಗಿ ಹಾಕಿಲ್ಲ. ಹಬ್ಬಕ್ಕೂ ಮಂದಿ ಹಳೇದ. ಎಲ್ಲಾ ಹುಡುಗರು ನಗೋರು. ಅವ್ವನ ಮ್ಯಾಲ ಅಷ್ಟ ಸಿಟ್ಟಿತ್ತು ನನಗ." ಸಿಸ್ಟರ್ ಹತ್ತಿ ಒತ್ತಿದಳು. "ಆಕಿಗೆ ಏನೂ ಗೊತ್ತಿರಲಿಲ್ಲವಾ. ಎದಕ್ಕ ಹೋಗ್ತಾವ ಅಂತ ಗೊತ್ತಿದ್ರ ತಾನ, ಇದಕ್ಕ ಹೋಗ್ತಾವ ಅನ್ನಾಕ. ಬರೇ ಅಂಜಿಕಿ. ಆ ಅಂಜಿಕಿ ಒಳಗ ಕತ್ತಲ್ಯಾಗ ಕೈ ಹಾಕಿದಂಗ ಮನಿ ಅರಿವಿ ದೂರ ಇಟ್ಟಾಳ, ನಾ ಸಿಕ್ಕೇನಿ."

ಹೊತ್ತು ಮುಳುಗುವಾಗ ಡಾಕ್ಟರಬಾಯಿ ಹೊರಗೆ ಬಂದರು. ಕೂಸು ತಡೆದುಕೊಂಡಿದೆ, ಆದರೆ ಇನ್ನೆರಡು ದಿನ ಏನೂ ಹೇಳಲಾಗದು ಎಂದರು. ಆ ಎರಡು ದಿನದಲ್ಲಿ ಅಂಜನಾ ಎಷ್ಟು ಸಲ ಎದ್ದು ಗಾಜಿನ ಬಾಗಿಲಿಗೆ ಹೋದಳೋ ಲೆಕ್ಕವಿಲ್ಲ. ಒಳಗಿನ ಯಂತ್ರ ಪಿಂಯ್ ಎಂದರೆ ಹೆದರಿ ಎದ್ದು ನಿಲ್ಲುತ್ತಿದ್ದಳು. ಅನ್ನದೆ ಸುಮ್ಮನಾದರೆ ಅದಕ್ಕಿಂತ ಹೆಚ್ಚು ಹೆದರಿಕೆಯಾಗುತ್ತಿತ್ತು.

ಎರಡನೆಯ ದಿನ ಬೆಳಗ್ಗೆ ಲಕ್ಷ್ಮಪ್ಪ ಅವಳನ್ನು ಹೊರಗೆ ಕರೆದ. ದವಾಖಾನೆಯ ಅಂಗಳದ ಬೇವಿನ ಗಿಡದ ಕೆಳಗೆ ಅವನು ರುಮಾಲು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಬೋಳು ತಲೆಯಲ್ಲಿ ಮಾವನನ್ನು ಅವಳು ಹಗಲಲ್ಲಿ ನೋಡಿದ್ದೇ ಇಲ್ಲ.

"ಯವ್ವಾ, ಡಾಕ್ಟರಬಾಯಿ ಕಂಬಳಿ ಯಾಕ ಹೊರಗ ಒಗದ್ರು?"

ಬೀರೇಶ ಅಪ್ಪನಿಗೆ ಏನೋ ಹೇಳಿದ್ದ. ಉಣ್ಣೆ ಇದ್ದರೆ ಆ ನೀಲಿ ಬೆಳಕು ತಾಗುವುದಿಲ್ಲ ಎಂದಿದ್ದ. ಅಂಜನಾ ಅದನ್ನೇ ಹೇಳಲು ಬಾಯಿ ತೆರೆದಳು.

"ಬೀರ್ಯಾ ಸುಳ್ಳ ಹೇಳ್ಯಾನ" ಎಂದ ಮುದುಕ. "ನೀ ಸುಳ್ಳ ಹೇಳಬ್ಯಾಡ."

ಅವಳು ನೆಲದ ಮೇಲೆ ಅವನ ಎದುರಿಗೆ ಕೂತಳು. ಗುಳಿಗೆಯ ವಿಷಯ ಹೇಳಿದಳು. ಅದರ ಘಾಟು, ರಕ್ತ ಒಡೆಯುವುದು, ತನ್ನ ತವರಿನಿಂದ ಬಂದ ದೋಷ, ಎಲ್ಲವನ್ನೂ ಅವಸರ ಮಾಡದೆ ಹೇಳಿದಳು. ಮುಗಿದ ಮೇಲೆ ಲಕ್ಷ್ಮಪ್ಪ ಬೆರಳು ಮಡಿಚಿ ಎಣಿಸಿದ.

"ಇಳಕಲ್ಲ ಸಂತ್ಯಾಗ ಆ ಗುಳಿಗಿ ನಾ ತಂದೆ. ದೊಡ್ಡ ಮೊಮ್ಮಗನ್ನ ಐದನೇ ದಿನ ನಾ ಹೊಚ್ಚಿದೆ. ಎರಡನೇದಕ್ಕ ಛಳಿ ಭಾಳ ಅಂತ ಎರಡು ಮಡಿಕಿ ಮಾಡಿ ಹೊಚ್ಚಿದೆ."

"ಮಾವ, ನಮಗ ಯಾರಿಗೂ ಗೊತ್ತಿರಲಿಲ್ಲ. ಈ ಸಲ ಟ್ರಂಕು ತಗದಾಕಿ ನಾನು."

"ನೀ ಒಂದು ಸಲ" ಎಂದ ಅವನು. ರುಮಾಲನ್ನು ತಲೆಗೆ ಸುತ್ತತೊಡಗಿದ, ಅರ್ಧ ಸುತ್ತಿ ಬಿಚ್ಚಿದ, ಮತ್ತೆ ಸುತ್ತಿದ. ಅಂಜನಾ ಎದ್ದು ಹೋಗಲಾರದೆ ಅಲ್ಲೇ ಕೂತಿದ್ದಳು. ಆ ಎರಡು ಕೂಸುಗಳ ಮಾತನ್ನು ಮನೆಯಲ್ಲಿ ಯಾರೂ ಆಡುತ್ತಿರಲಿಲ್ಲ. ಈಗ ಮಾವನ ಎದುರಿಗೆ ಕೂತು ಅವಳಿಗೆ ಅವುಗಳ ಮುಖ ನೆನಪಾದವು, ಬೇರೆ ಬೇರೆಯಾಗಿ. ದೊಡ್ಡವನ ಹುಬ್ಬು ಕೂಡಿದ್ದವು. ಎರಡನೆಯವನಿಗೆ ತಲೆತುಂಬ ಕೂದಲು.

ಅವತ್ತು ಮಧ್ಯಾಹ್ನ ಕೂಸು ಅತ್ತಿತು. ದನಿ ತೆಳುವಾಗಿತ್ತು, ಆದರೆ ಹಸಿವಿನ ಅಳು ಅದು. ಪರೀಕ್ಷೆಯ ಕಾಗದಗಳೂ ಬಂದವು. ಕೂಸಿನದು, ಮಾಮಾನದು, ಎರಡರಲ್ಲೂ ಒಂದೇ ದೋಷ. ರಕ್ತ ಒಡೆಯುತ್ತಿರುವಾಗ ಮಾಡಿದ ಪರೀಕ್ಷೆ, ಮೂರು ತಿಂಗಳಿಗೆ ಇನ್ನೊಮ್ಮೆ ಮಾಡಬೇಕು, ಆಗ ಕಿವಿಯನ್ನೂ ನೋಡಬೇಕು ಎಂದು ಡಾಕ್ಟರಬಾಯಿ ಬರೆದುಕೊಟ್ಟರು. ಕಾಮಾಲೆ ತಲೆಗೆ ಏರಿದ್ದರೆ ಮೊದಲು ಕೆಡುವುದು ಕಿವಿ ಎಂದರು. ಹೀಗೆ ಅಂಜನಾಳ ಹೆದರಿಕೆಗೆ ಇನ್ನೂ ಮೂರು ತಿಂಗಳ ಗಡುವು ಸಿಕ್ಕಿತು. ಲಕ್ಷ್ಮಪ್ಪ ಊರಿಗೆ ಹೋಗಿ ಕಂಬಳಿಯನ್ನು ಹಟ್ಟಿಯ ಮುಳ್ಳುಬೇಲಿಯ ಮೇಲೆ ಬಿಸಿಲಿಗೆ ಹಾಕಿದನೆಂದೂ, ಸುಡಲು ಹೋದವನನ್ನು ಬೋರವ್ವ ತಡೆದಳೆಂದೂ ಬೀರೇಶ ಹೇಳಿದ.

ಒಂಬತ್ತು ದಿನದ ಮೇಲೆ ಮನೆಗೆ ಕಳಿಸಿದರು. ಕಾರ್ಡಿನಲ್ಲಿ ಅಷ್ಟು ದಿನವೂ 'ಅಂಜನಾ ಅವರ ಗಂಡು ಮಗು' ಎಂದೇ ಇತ್ತು. ಕೌಂಟರಿನ ಹುಡುಗಿ ತಲೆ ಎತ್ತದೆ ಕೇಳಿದಳು.

"ಹೆಸರ ಇಟ್ಟೀರೇನ್ರಿ? ಮುಂದಿನ ಸಲ ಈ ಹೆಸರಿನ ಮ್ಯಾಲೇ ಬರಬೇಕು."

ಎಲ್ಲರೂ ಅಂಜನಾಳ ಕಡೆ ನೋಡಿದರು. ಈಗ ಅವಳು ಏನು ಹೇಳಿದರೂ ನಡೆಯುತ್ತಿತ್ತು. ಕೂಸು ಯಾಕೆ ಹೋಗುತ್ತಿತ್ತೆಂದು ತಿಳಿದಿತ್ತು. ಹೆಸರಿನಿಂದ ಯಾರೂ ಉಳಿಯುವುದಿಲ್ಲ, ಸಾಯುವುದೂ ಇಲ್ಲ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ವಿಹಾನ ಎನ್ನುವುದು ನಾಲಿಗೆಯ ತುದಿಯಲ್ಲೇ ಇತ್ತು.

"ತಿರಕಪ್ಪ" ಎಂದಳು.

"ಬ್ಯಾಡವಾ" ಎಂದು ಮಾಮಾ ಮುಂದೆ ಬಂದ. "ನನ್ನ ಮಾತ ಕೇಳು. ಅದು ಹೆಸರಲ್ಲ, ನಮ್ಮವ್ವನ ಅಂಜಿಕಿ. ನಾ ಇಷ್ಟು ವರ್ಷ ಹೊತ್ತೇನಿ. ಇವಗ ಯಾಕ?"

"ಗೊತ್ತೈತಿ ಮಾಮಾ. ಎಲ್ಲಾ ಗೊತ್ತೈತಿ" ಎಂದಳು ಅಂಜನಾ. "ಆದ್ರ ಬದಲಿ ಮಾಡಾಕ ನನಗ ಧೈರ್ಯ ಆಗವಲ್ದು."

"ತಿರಕಪ್ಪನೋ, ತಿರುಕಪ್ಪನೋ?" ಎಂದು ಹುಡುಗಿ ಕೇಳಿದಳು.

"ತಿರಕಪ್ಪ. ರಕಾರಕ್ಕ ಕೊಂಬು ಬ್ಯಾಡ್ರಿ" ಎಂದು ಬೋರವ್ವ ಹೇಳಿದಳು. ಅವಳಿಗೆ ಓದಲು ಬರುತ್ತಿರಲಿಲ್ಲ. ಈ ಮಾತನ್ನು ಯಾರ ಹತ್ತಿರವೋ ಕೇಳಿ ತಿಳಿದಿಟ್ಟುಕೊಂಡಿದ್ದಳು.

ಮಾಮಾ ಸರ್ರನೆ ಹೊರಗೆ ನಡೆದುಬಿಟ್ಟ. ಸಿಟ್ಟಾದ ಎಂದುಕೊಂಡರು. ಅರ್ಧ ತಾಸಾದ ಮೇಲೆ, ಅವರು ಕಾರಿನಲ್ಲಿ ಕೂರುವ ಹೊತ್ತಿಗೆ, ಪೇಟೆಯ ಕಡೆಯಿಂದ ಏದುಸಿರು ಬಿಡುತ್ತ ಬಂದು ಅಂಜನಾಳ ಕೈಯಲ್ಲಿ ಒಂದು ಪೊಟ್ಟಣ ಇಟ್ಟ. ಬಿಚ್ಚಿದರೆ ಅಂಗೈಯಗಲದ ಕೆಂಪು ಅಂಗಿ. ಹೊಚ್ಚ ಹೊಸದು.

"ಹೆಸರ ಇಟ್ಕೊಳ್ರಿ, ನಾ ಏನೂ ಅನ್ನೂದಿಲ್ಲ. ಆದ್ರ ಮಂದಿ ಹಳೀ ಅರಿವಿ ಮಾತ್ರ ಹಾಕಬ್ಯಾಡ್ರಿ ಇವಗ" ಎಂದ. ಹೇಳಿದ್ದು ಬೋರವ್ವನಿಗೆ.

ಬೋರವ್ವ ಅಂಗಿ ತೆಗೆದುಕೊಂಡು ತಿರುವಿ ನೋಡಿದಳು. ಆಮೇಲೆ ಅದನ್ನು ಮೂಗಿಗೆ ಹಿಡಿದಳು. ಮಗನಿಗೆ ಕೊಟ್ಟಳು. ಬೀರೇಶ ಮೂಸಿದ. ಮಾಮಾ ತಾನು ತಂದ ಅಂಗಿಯನ್ನು ತಾನೇ ಮೂಸಿದ. "ಅಂಗಡ್ಯಾಗೂ ನೋಡೇನಿ, ಗಂಜಿ ವಾಸನಿ ಅಷ್ಟ" ಎಂದ. ಕೊನೆಗೆ ಅಂಗಿ ಲಕ್ಷ್ಮಪ್ಪನ ಕೈಗೆ ಬಂತು. ಅಷ್ಟು ದಿನದಲ್ಲಿ ಅವನು ಒಮ್ಮೆಯೂ ಕೂಸಿನ ಹತ್ತಿರ ಬಂದಿರಲಿಲ್ಲ. ಎರಡೂ ಕೈಯಲ್ಲಿ ಅಂಗಿಯನ್ನು ಮುಖಕ್ಕೆ ಒತ್ತಿಕೊಂಡು ಬಹಳ ಹೊತ್ತು ನಿಂತ. ಉಸಿರೆಳೆದ, ಬಿಟ್ಟ, ಮತ್ತೆ ಎಳೆದ.

"ನನಗ ತಿಳಿವಲ್ದವಾ" ಎಂದು ಅಂಗಿಯನ್ನು ಸೊಸೆಯ ಕಡೆ ಚಾಚಿದ. "ನೀನ ನೋಡು."